ಗ್ಲೆನ್‌ಬಕೆಟ್ ಸಾಹೇಬರಿಗೆ ಬರಬೇಕಾದ ಬಾಕಿ

1774ರ ಪಾರ್ಲಿಮೆಂಟ್ ಚುನಾವಣೆಯಲ್ಲಿ ಇಂಗ್ಲೆಂಡಿನ ಶಾಫ್ಟ್ಸ್‌ಬರಿ ಎಂಬ ಊರಿನ ಮತದಾರ ತನ್ನ ಪವಿತ್ರ ಹಕ್ಕು ಚಲಾಯಿಸುವ ಮುನ್ನ ಒಂದು ಮನೆಗೆ ಹೋಗಿ ಬರುತ್ತಿದ್ದ. ಆ ಮನೆಯಲ್ಲೊಂದು ಕಿರುಕೋಣೆ. ಬಾಗಿಲು ಮುಚ್ಚಿರುತ್ತಿತ್ತು, ಬಾಗಿಲಿಗೊಂದು ತೂತಿತ್ತು. ತೂತಿನಿಂದ ಒಂದು ಪೊಟ್ಟಣ ಹೊರಗೆ ಬರುತ್ತಿತ್ತು. ಪೊಟ್ಟಣದಲ್ಲಿ 20 ಗಿನಿ, ಆ ಕಾಲದ ಹೊಲದ ಕೂಲಿಯವನಿಗೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಕೊಡುತ್ತಿದ್ದವನು ಪಂಚ್ ವೇಷ ಹಾಕಿಕೊಂಡಿದ್ದ. ಪಂಚ್ ಅಂದರೆ ಅಲ್ಲಿನ ಜಾತ್ರೆಯ ಬೊಂಬೆಯಾಟದಲ್ಲಿ ಸಿಕ್ಕಸಿಕ್ಕವರಿಗೆಲ್ಲ ದೊಣ್ಣೆಯಲ್ಲಿ ಬಡಿದು ನಗಿಸುವ ಕೊಕ್ಕೆಮೂಗಿನ ಆಸಾಮಿ, ನಮ್ಮ ಬಯಲಾಟದ ಕೋಡಂಗಿಯ ದೂರದ ನೆಂಟ.

ಪೊಟ್ಟಣ ಈಸಿಕೊಂಡು ಸೀದಾ ಮನೆಗೆ ಹೋಗುವ ಹಾಗಿರಲಿಲ್ಲ. ಅದೇ ಮನೆಯ ಇನ್ನೊಂದು ಕೋಣೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಕೂತಿದ್ದವನ ಹುದ್ದೆ: ಪಂಚ್ ಅವರ ಕಾರ್ಯದರ್ಶಿ. ಆತ ಕಾಗದ ಮುಂದಿಟ್ಟು, ಇಷ್ಟು ಹಣ ಸಂದಿದೆ ಎಂದು ಸಹಿ ಹಾಕಿಸಿಕೊಳ್ಳುತ್ತಿದ್ದ. ಹಣ ವಾಪಸು ಕೊಡಬೇಕಾದ್ದು ಯಾರಿಗೆ? ಗ್ಲೆನ್‌ಬಕೆಟ್ ಎಂಬ ಮಹನೀಯರಿಗೆ. ಗ್ಲೆನ್‌ಬಕೆಟ್ ಎಂಬುವರು ಹುಟ್ಟಿರಲಿಲ್ಲ, ಹಾಗಾಗಿ ಸತ್ತೂ ಇರಲಿಲ್ಲ. ಇಡೀ ಊರಿನ ಮತದಾರರು ಇಲ್ಲದ ಮನುಷ್ಯನಿಗೆ ಇರುವ ಸಾಲ ಮಾಡಿಕೊಂಡರು. ಓಟು ಹಾಕುವಾಗ ಯಾರಾದರೂ ಕೇಳಿದರೆ, ನಾನು ಲಂಚ ಮುಟ್ಟಿಲ್ಲ ಎಂದು ದೇವರಾಣೆ ಪ್ರಮಾಣ ಮಾಡಬೇಕೆಂಬ ಕಾಯಿದೆ 1729ರಿಂದಲೂ ಇತ್ತು. ಮುಟ್ಟಿದ್ದು ಸಾಲವಾದರೆ ಆಣೆಗೆ ಅಡ್ಡಿಯಿಲ್ಲವಲ್ಲ.

ನಮ್ಮಲ್ಲಿ ರಾತ್ರೋರಾತ್ರಿ ನೋಟು ಹಂಚುವವರಿಗೆ ಈ ಕಲೆ ಇನ್ನೂ ಬಂದಿಲ್ಲ. ಕೊಟ್ಟದ್ದಕ್ಕೆ ರಸೀದಿಯಿಲ್ಲ, ಈಸಿಕೊಂಡವನಿಗೆ ನಿಯತ್ತಿಲ್ಲ, ಬೆಳಗಾದರೆ ಇನ್ನೊಬ್ಬನಿಗೆ ಓಟು. ಪಂಚ್ ಅವರದು ಕಚೇರಿ ನಡೆಸಿದ ಕ್ರಮ. ಆದರೂ ಒಂದು ಎಡವಟ್ಟಾಯಿತು. ಇಬ್ಬರು ತೂತಿನಲ್ಲಿ ಇಣುಕಿದರು. ಒಳಗಿರುವುದು ಊರಿನ ಆಲ್ಡರ್‌ಮನ್, ಅಂದರೆ ಪುರಸಭೆಯ ಹಿರಿಯ ಸದಸ್ಯ ಮ್ಯಾಥ್ಯೂಸ್ ಎಂದು ಗುರುತು ಹಿಡಿದರು. ಆಮೇಲೆ ಪಾರ್ಲಿಮೆಂಟಿನ ಸಮಿತಿ ಮುಂದೆ ಪ್ರಮಾಣ ಮಾಡಿ ಹೇಳಿಯೂ ಬಿಟ್ಟರು. ಆ ತೂತು ಇನ್ನೊಂದು ಅಂಗುಲ ಕಿರಿದಾಗಿದ್ದರೆ ಈ ಕತೆಯೇ ನಮಗೆ ಸಿಗುತ್ತಿರಲಿಲ್ಲ.

ಊರಿನ ಬಗ್ಗೆ ಎರಡು ಮಾತು. ಶಾಫ್ಟ್ಸ್‌ಬರಿ ಡಾರ್ಸೆಟ್ ಸೀಮೆಯಲ್ಲಿ ಗುಡ್ಡದ ನೆತ್ತಿಯ ಮೇಲಿನ ಸಣ್ಣ ಪೇಟೆ. ಆಲ್ಫ್ರೆಡ್ ದೊರೆ ಕಟ್ಟಿಸಿದ ಸನ್ಯಾಸಿನಿಯರ ಮಠ ಇದ್ದ ಜಾಗ. ಗೋಲ್ಡ್ ಹಿಲ್ ಎಂಬ ಕಡಿದಾದ ಕಲ್ಲುಹಾಸಿನ ಬೀದಿಯೊಂದಿದೆ. 1973ರಲ್ಲಿ ರಿಡ್ಲಿ ಸ್ಕಾಟ್ ಹೋವಿಸ್ ಬ್ರೆಡ್ಡಿನ ಜಾಹೀರಾತಿಗಾಗಿ ಹುಡುಗನೊಬ್ಬನಿಂದ ಅಲ್ಲಿ ಸೈಕಲ್ ತಳ್ಳಿಸಿದ. ಇವತ್ತಿಗೂ ಪ್ರವಾಸಿಗಳು ಅಲ್ಲಿ ನಿಂತು ಫೋಟೋ ಹೊಡೆಸಿಕೊಂಡು, ಆಹಾ ಎಂಥ ನಿಷ್ಕಪಟ ಹಳೆಯ ಇಂಗ್ಲೆಂಡು ಎಂದು ನಿಟ್ಟುಸಿರು ಬಿಡುತ್ತಾರೆ. ಗುಡ್ಡದ ಮೇಲೆ ನೀರಿರಲಿಲ್ಲ. ಕೆಳಗಿನ ಎನ್ಮೋರ್ ಗ್ರೀನ್‌ನಿಂದ ಹೊತ್ತು ತರಬೇಕಿತ್ತು. ಆ ನೀರಿನ ಋಣಕ್ಕಾಗಿ ಊರಿನವರು ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಕುಣಿಯುತ್ತ ಇಳಿದುಹೋಗಿ ಕೆಳಗಿನ ಜಹಗೀರಿನವರಿಗೆ ಒಂದು ಕರುವಿನ ತಲೆ, ಒಂದು ಜೊತೆ ಕೈಗವಸು, ಒಂದಿಷ್ಟು ಬಿಯರು, ಬ್ರೆಡ್ಡು ಒಪ್ಪಿಸಿ ಬರುತ್ತಿದ್ದರು. ನೀರಿಗೆ ಕುಣಿಯಬೇಕಿತ್ತು, ದುಡ್ಡು ಮಾತ್ರ ತಾನಾಗಿ ಗುಡ್ಡ ಹತ್ತಿ ಬರುತ್ತಿತ್ತು.

1295ರಿಂದ ಈ ಪೇಟೆ ಇಬ್ಬರು ಎಂಪಿಗಳನ್ನು ಕಳಿಸುತ್ತಿತ್ತು. ಓಟು ಇದ್ದದ್ದು ಬಡವರ ತೆರಿಗೆ ಕಟ್ಟುವ ಮನೆವಾರರಿಗೆ, ಸುಮಾರು ಮುನ್ನೂರು ಗಂಡಸರಿಗೆ. ಆಗಿನ ಇಂಗ್ಲೆಂಡಿನ ಮಟ್ಟಿಗೆ ಇದು ಭಾರೀ ವಿಶಾಲ ಪ್ರಜಾಪ್ರಭುತ್ವ. ಓಲ್ಡ್ ಸೇರಮ್ ಎಂಬಲ್ಲಿ ಊರೇ ಇಲ್ಲದೆ, ದಿಬ್ಬ ಮಾತ್ರ ಇದ್ದು, ಅದೂ ಇಬ್ಬರನ್ನು ಕಳಿಸುತ್ತಿತ್ತು. ಶಾಫ್ಟ್ಸ್‌ಬರಿಯಲ್ಲಿ ಕೊನೆಪಕ್ಷ ಮಾರಿಕೊಳ್ಳಲು ಮನುಷ್ಯರಾದರೂ ಇದ್ದರು.

ಇನ್ನು ಆ 20 ಗಿನಿಯ ವಂಶಾವಳಿ. ಪೊಟ್ಟಣಗಳು ಯಾರ ಪರವಾಗಿ ಹೊರಬಂದವೋ ಆ ಅಭ್ಯರ್ಥಿಗಳು ಇಬ್ಬರು, ಫ್ರಾನ್ಸಿಸ್ ಸೈಕ್ಸ್ ಮತ್ತು ಥಾಮಸ್ ರಂಬೋಲ್ಡ್. ಇಬ್ಬರೂ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಮಾಡಿ, ಇಂಗ್ಲೆಂಡಿನವರು ಹೊಟ್ಟೆಕಿಚ್ಚಿನಿಂದ ‘ನಬೋಬ್’ ಎಂದು ಕರೆಯುವಷ್ಟು ಗಂಟು ಕಟ್ಟಿದವರು. ಸೈಕ್ಸ್ ಮುರ್ಷಿದಾಬಾದಿನಲ್ಲಿ ಬಂಗಾಳದ ನವಾಬನ ದರ್ಬಾರಿಗೆ ಕಂಪನಿಯ ರೆಸಿಡೆಂಟ್ ಆಗಿದ್ದ. ಮಥೌತ್ ಎಂಬ ಮೇಲ್ವಸೂಲಿಯಲ್ಲಿ ಆತ ತೋರಿಸಿದ ಶ್ರದ್ಧೆಯಿಂದಾಗಿ ಲಂಡನ್ನಿನ ಕುಚೋದ್ಯಗಾರರು ‘ಸ್ಕ್ವೈರ್ ಮಟೂಟ್’ ಎಂದೇ ಹೆಸರಿಟ್ಟಿದ್ದರು. 1769-70ರಲ್ಲಿ ಬಂಗಾಳವನ್ನು ಮಹಾಕ್ಷಾಮ ನುಂಗಿತು. 1771ರಲ್ಲಿ ಶಾಫ್ಟ್ಸ್‌ಬರಿಗೆ ಮುರ್ಷಿದಾಬಾದು ಕಂಡ ಒಬ್ಬ ಎಂಪಿ ಸಿಕ್ಕಿದ.

ಹಾಗಾಗಿ ನನ್ನ ತಕರಾರು ಲಂಚದ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ. ಬ್ರಿಟಿಷ್ ಪ್ರಜಾಪ್ರಭುತ್ವದ ಇತಿಹಾಸ ಬರೆಯುವವರು ಮ್ಯಾಗ್ನಾ ಕಾರ್ಟಾಕ್ಕೆ ಕೃತಜ್ಞತೆ ಹೇಳುತ್ತಾರೆ, ಲಾಕ್ ಎಂಬ ತತ್ವಜ್ಞಾನಿಗೆ ಹೇಳುತ್ತಾರೆ. ಬಂಗಾಳದ ರೈತ ಶಾಫ್ಟ್ಸ್‌ಬರಿಯ ಚುನಾವಣಾ ವೆಚ್ಚ ಭರಿಸಿದ್ದಕ್ಕೆ ಒಂದು ಅಡಿಟಿಪ್ಪಣಿಯೂ ಇಲ್ಲ. ಅವನ ಕ್ಷೇತ್ರ ಅದಲ್ಲ, ಅಭ್ಯರ್ಥಿಯ ಮುಖ ಕಂಡವನಲ್ಲ, ಓಟಂತೂ ಇಲ್ಲವೇ ಇಲ್ಲ. ಇಷ್ಟು ನಿಸ್ವಾರ್ಥ ದೇಣಿಗೆದಾರ ಪ್ರಪಂಚದ ಯಾವ ಪಕ್ಷಕ್ಕೂ ಈವರೆಗೆ ಸಿಕ್ಕಿಲ್ಲ.

ಸಂಭಾವಿತರು ಆಗಲೂ ಗೊಣಗಿದ್ದರು. 1770ರಲ್ಲಿ ಹಿರಿಯ ಪಿಟ್, ಅಂದರೆ ಲಾರ್ಡ್ ಚ್ಯಾಥಮ್, ಏಷ್ಯಾದ ಐಶ್ವರ್ಯದ ಜೊತೆಗೆ ಏಷ್ಯಾದ ಆಡಳಿತದ ಚಾಳಿಗಳೂ ನಮ್ಮ ದೇಶಕ್ಕೆ ಬಂದುಬಿಟ್ಟವು ಎಂದು ಪರಿತಪಿಸಿದರು. ಚ್ಯಾಥಮ್ ಅವರ ತಾತ ಮದ್ರಾಸಿನ ಗವರ್ನರ್ ಆಗಿದ್ದವರು, ಅಲ್ಲಿಂದ ತಂದ ವಜ್ರದಿಂದಲೇ ‘ಡೈಮಂಡ್ ಪಿಟ್’ ಎನಿಸಿಕೊಂಡವರು. ಓಲ್ಡ್ ಸೇರಮ್ ದಿಬ್ಬವನ್ನು ಕೊಂಡವರೂ ಅವರೇ, ಮೊಮ್ಮಗ ಮೊದಲ ಬಾರಿ ಪಾರ್ಲಿಮೆಂಟಿಗೆ ಬಂದದ್ದೂ ಆ ದಿಬ್ಬದಿಂದಲೇ. ಎರಡು ತಲೆಮಾರು ಕಳೆದರೆ ದುಡ್ಡಿನ ವಾಸನೆ ಹೋಗುತ್ತದೆ. ಸೈಕ್ಸ್ ಪಾಪ, ಮೊದಲ ತಲೆಮಾರು.

ಚುನಾವಣೆಯಲ್ಲಿ ಸೋತವನ ಹೆಸರು ಹಾನ್ಸ್ ವಿನ್ತ್ರಾಪ್ ಮಾರ್ಟಿಮರ್. ಆತ ತಕರಾರು ಅರ್ಜಿ ಹಾಕಿದ. ಪಂಚ್, ಕಾರ್ಯದರ್ಶಿ, ಗ್ಲೆನ್‌ಬಕೆಟ್ ಎಲ್ಲರೂ ಬಯಲಿಗೆ ಬಂದದ್ದು ಆಗಲೇ. 1775ರಲ್ಲಿ ಸೈಕ್ಸ್, ರಂಬೋಲ್ಡ್ ಇಬ್ಬರ ಆಯ್ಕೆಯೂ ರದ್ದಾಗಿ ಮಾರ್ಟಿಮರ್ ಎಂಪಿಯಾದ. ಇಬ್ಬರ ಮೇಲೂ ಮೊಕದ್ದಮೆ ಹೂಡತಕ್ಕದ್ದೆಂದು ಸದನ ಕೆಂಪಗೆ ಕೆರಳಿತು, ಆಮೇಲೆ ತಣ್ಣಗಾಯಿತು. ಊರಿನವರ ಓಟು ಕಿತ್ತುಕೊಳ್ಳುವ ಮಸೂದೆಯೂ ಅದೇ ದಾರಿ ಹಿಡಿಯಿತು. ಪಕ್ಕದ ಹಿಂಡನ್ ಎಂಬ ಊರಿನಲ್ಲಿ ಅದೇ ಚುನಾವಣೆಯಲ್ಲಿ ಅದೇ ಕೆಲಸ ಮಾಡಿದ ಇನ್ನೊಬ್ಬ ನಬೋಬ್, ಜನರಲ್ ರಿಚರ್ಡ್ ಸ್ಮಿತ್, ಆರು ತಿಂಗಳು ಜೈಲಿನಲ್ಲಿ ಕೂತ. ಬಹುಶಃ ಅವನಿಗೆ ಒಳ್ಳೆಯ ಕಾರ್ಯದರ್ಶಿ ಸಿಕ್ಕಿರಲಿಕ್ಕಿಲ್ಲ.

ಮಾರ್ಟಿಮರ್ ಅಷ್ಟಕ್ಕೆ ಬಿಡಲಿಲ್ಲ. 1729ರ ಕಾಯಿದೆಯಲ್ಲಿ ಒಂದೊಂದು ಲಂಚಕ್ಕೂ 500 ಪೌಂಡ್ ದಂಡ ಇತ್ತು, ದಾವೆ ಹೂಡಿದವನಿಗೇ ಆ ದುಡ್ಡು ಸೇರುತ್ತಿತ್ತು. ಆತ ಡಾರ್ಚೆಸ್ಟರ್ ನ್ಯಾಯಾಲಯದಲ್ಲಿ ಸೈಕ್ಸ್ ಮೇಲೆ ದಾವೆ ಹಾಕಿ 1776ರಲ್ಲಿ 11,000 ಪೌಂಡ್ ಗೆದ್ದ. ಲೆಕ್ಕ ಹಾಕಿ: ಒಂದು ಓಟು ಕೊಳ್ಳಲು 21 ಪೌಂಡ್, ಕೊಂಡದ್ದು ಗೊತ್ತಾದರೆ 500. ಭ್ರಷ್ಟಾಚಾರ ವಿರೋಧಿ ಹೋರಾಟ ಇಷ್ಟು ಲಾಭದ ಕಸುಬಾಗಿದ್ದ ಕಾಲ ಇನ್ನೊಂದಿಲ್ಲ. ಮುರ್ಷಿದಾಬಾದಿನಲ್ಲಿ ಹೊರಟ ದುಡ್ಡು ಕೊನೆಗೆ ಪ್ರಾಮಾಣಿಕನ ಜೇಬು ಸೇರಿತು ಎಂದು ಯಾರಾದರೂ ಸಂತೋಷಪಡುವ ಮುಂಚೆ, ಆ ಪ್ರಾಮಾಣಿಕ ಮುಂದೆ ಏನು ಮಾಡಿದ ಎಂಬುದನ್ನು ನೋಡೋಣ.

ಆತ ಶಾಫ್ಟ್ಸ್‌ಬರಿಯಲ್ಲಿ ಮನೆಗಳನ್ನು ಕೊಳ್ಳತೊಡಗಿದ.

ಓಟು ಇರುವುದು ಮನೆವಾರನಿಗೆ, ಆದರೆ ಮನೆವಾರ ಬಾಡಿಗೆದಾರ. ಓಟು ಹಾಕುವುದು ಎಲ್ಲರೆದುರು, ಬಾಯಿಬಿಟ್ಟು ಹೆಸರು ಹೇಳಿ. ಮನೆ ನಿಮ್ಮದಾದರೆ ಮನೆಯೊಳಗಿನ ಗಂಟಲೂ ನಿಮ್ಮದೇ. ಸೈಕ್ಸ್ ಮಾಡಿದ್ದು ಚಿಲ್ಲರೆ ವ್ಯಾಪಾರ: ಪ್ರತಿ ಚುನಾವಣೆಗೂ ಹೊಸ ಪೊಟ್ಟಣ, ಹೊಸ ವೇಷ, ತೂತಿನ ಅಪಾಯ. ಮಾರ್ಟಿಮರ್ ಮಾಡಿದ್ದು ಸಗಟು ವ್ಯಾಪಾರ. ಚಿಲ್ಲರೆಗೆ ಕಾನೂನಿನಲ್ಲಿ ದಂಡವಿತ್ತು. ಸಗಟು ಖರೀದಿಗೆ ಕಾನೂನಿನಲ್ಲಿ ಇದ್ದ ಹೆಸರು ಆಸ್ತಿ, ಆಸ್ತಿಯ ಹಕ್ಕು ಪರಮ ಪವಿತ್ರ. ಆ ನಾಡಿನ ಚುನಾವಣಾ ನೀತಿಶಾಸ್ತ್ರವೆಲ್ಲ ಇಷ್ಟೇ. ಉಳಿದದ್ದು ಭಾಷಣ.

ಇತ್ತ ರಂಬೋಲ್ಡ್ ಏನಾದ? ಹುಡುಗನಾಗಿದ್ದಾಗ ಲಂಡನ್ನಿನ ಕ್ಲಬ್ಬೊಂದರಲ್ಲಿ ಮಾಣಿಯಾಗಿದ್ದನಂತೆ ಎಂದು ಆಗದವರು ಆಡಿಕೊಳ್ಳುತ್ತಿದ್ದ ಮನುಷ್ಯ. ಶಾಫ್ಟ್ಸ್‌ಬರಿಗೆ ಬರುವ ಮುಂಚೆ ಆತ ನ್ಯೂ ಶೋರಮ್ ಎಂಬ ಊರಿನ ಎಂಪಿ. ಅಲ್ಲಿನ ಮತದಾರರು ‘ಕ್ರಿಶ್ಚಿಯನ್ ಕ್ಲಬ್’ ಎಂಬ ಸಂಘ ಕಟ್ಟಿಕೊಂಡು, ಧರ್ಮಕಾರ್ಯದ ಹೆಸರಿನಲ್ಲಿ ಊರಿನ ಸೀಟನ್ನು ಹೆಚ್ಚು ಕೂಗಿದವನಿಗೆ ಕೊಡುತ್ತಿದ್ದರು. 1771ರಲ್ಲಿ ಪಾರ್ಲಿಮೆಂಟು ಆ ಭಕ್ತರ ಓಟಿನ ಹಕ್ಕನ್ನೇ ಕಿತ್ತುಕೊಂಡಿತು. ಎರಡು ಊರು ಕೆಡಿಸಿದ ಅನುಭವವುಳ್ಳ ಇಂಥ ಮನುಷ್ಯನಿಗೆ ಕಂಪನಿ ಯಾವ ಕೆಲಸ ಕೊಟ್ಟಿತು? ಮದ್ರಾಸಿನ ಗವರ್ನರ್ ಹುದ್ದೆ. 1778ರಲ್ಲಿ ಅಧಿಕಾರ ಹಿಡಿದ. ಚುನಾವಣೆಗೆ ಹಾಕಿದ ಬಂಡವಾಳ ಎತ್ತಲು ಹೋದ ಎಂದು ನಾನು ಹೇಳುವುದಿಲ್ಲ. ಹೋದ, ಉತ್ತರ ಸರ್ಕಾರ್ ಜಿಲ್ಲೆಗಳ ಜಮೀನ್ದಾರರನ್ನು ದೂರದ ಮದ್ರಾಸಿಗೇ ಕರೆಸಿಕೊಂಡು ಕಂದಾಯ ಗೊತ್ತುಮಾಡಿದ, ಎರಡೇ ವರ್ಷದಲ್ಲಿ ಸಂಬಳಕ್ಕೆ ಎಷ್ಟೋ ಪಟ್ಟು ಮೀರಿದ ಹಣ ಇಂಗ್ಲೆಂಡಿಗೆ ಕಳಿಸಿದ.

ಇಲ್ಲಿ ನಮ್ಮೂರಿನವರೊಬ್ಬರು ಕತೆಗೆ ಬರುತ್ತಾರೆ. ರಂಬೋಲ್ಡನ ಕಾಲದಲ್ಲಿ, 1779ರಲ್ಲಿ, ಮದ್ರಾಸಿನವರು ಹೈದರಾಲಿಯ ಮಾತು ಮೀರಿ ಫ್ರೆಂಚರ ಮಾಹೆ ಬಂದರನ್ನು ಹಿಡಿದರು. ಸಮಾಧಾನ ಹೇಳಲು ಶ್ವಾರ್ಟ್ಸ್ ಎಂಬ ಪಾದ್ರಿಯನ್ನು ಶ್ರೀರಂಗಪಟ್ಟಣಕ್ಕೆ ಕಳಿಸಿದರು. ಹೈದರ್ ಪಾದ್ರಿಗೆ ಮರ್ಯಾದೆ ಮಾಡಿದ, ಪಾದ್ರಿಯನ್ನು ಕಳಿಸಿದವರ ಮಾತು ನಂಬಲಿಲ್ಲ. ಓದು ಬರಹ ಬಾರದ ದೊರೆ, ಆದರೆ ಮನುಷ್ಯರನ್ನು ಓದಬಲ್ಲವನು. 1780ರ ಏಪ್ರಿಲಿನಲ್ಲಿ ರಂಬೋಲ್ಡ್ ಆರೋಗ್ಯ ಸರಿಯಿಲ್ಲವೆಂದು ಹಡಗು ಹತ್ತಿದ. ಜುಲೈನಲ್ಲಿ ಹೈದರಾಲಿಯ ಸೈನ್ಯ ಘಟ್ಟ ಇಳಿದು ಕರ್ನಾಟಿಕ್ ಬಯಲಿಗೆ ನುಗ್ಗಿತು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕಂಪನಿಯ ಕರ್ನಲ್ ಬೇಲಿಯ ಪಡೆ ನೆಲಕಚ್ಚಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ, ಪಲ್ಲಕ್ಕಿಯಲ್ಲಿ ಕೂತ ಪೆಚ್ಚುಮುಖದ ಬೇಲಿಯನ್ನು ಶಾಲೆಯ ಪ್ರವಾಸದಲ್ಲಿ ನಾವೆಲ್ಲ ನೋಡಿದ್ದೇವೆ. ಪಾಪ, ಆತ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ.

ಅದೇ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಮಹಾಚುನಾವಣೆ. ಶಾಫ್ಟ್ಸ್‌ಬರಿಯ ಪ್ರಬುದ್ಧ ಮತದಾರರು ಆರಿಸಿದ್ದು ಯಾರನ್ನು? ಫ್ರಾನ್ಸಿಸ್ ಸೈಕ್ಸ್ ಮತ್ತು ಸರ್ ಥಾಮಸ್ ರಂಬೋಲ್ಡ್. ಹೌದು, ಅದೇ ಜೋಡಿ. ನಡುವೆ ರಂಬೋಲ್ಡನಿಗೆ ‘ಸರ್’ ಬಂದಿತ್ತು, ಅಷ್ಟೇ ಬದಲಾವಣೆ. ಮರುವರ್ಷ ಸೈಕ್ಸ್‌ಗೂ ಬಂತು. ಮಾರ್ಟಿಮರ್ ಪುನಃ ಅರ್ಜಿ ಹಾಕಿ 1781ರಲ್ಲಿ ರಂಬೋಲ್ಡನನ್ನು ಎಬ್ಬಿಸಿ ತಾನು ಕೂತ. ರಂಬೋಲ್ಡ್ ಬೇಸರಿಸದೆ ಬೇರೆ ಊರೊಂದರಿಂದ ಅದೇ ವರ್ಷ ಪಾರ್ಲಿಮೆಂಟಿಗೆ ವಾಪಸಾದ. ಅವನ ಮದ್ರಾಸಿನ ಲೀಲೆಗಳ ಮೇಲೆ ದಂಡನೆಯ ಮಸೂದೆ ಸದನಕ್ಕೆ ಬಂತು, 1783ರಲ್ಲಿ ಸದ್ದಿಲ್ಲದೆ ಸತ್ತಿತು. ಸದನದಲ್ಲಿ ತೀರ್ಪು ಕೊಡಲು ಕೂತವರೂ ಯಾವುದೋ ಒಂದು ಬಾಗಿಲಿನ ಮೂಲಕವೇ ಬಂದವರು ತಾನೆ.

ಮಾರ್ಟಿಮರ್ ಸಗಟು ವ್ಯಾಪಾರದಲ್ಲಿ ಸಾಲದ ಹೊಂಡಕ್ಕೆ ಬಿದ್ದ. ಎಂಪಿಯಾಗಿದ್ದಷ್ಟು ದಿನ ಸಾಲ ಕೊಟ್ಟವರು ಅವನನ್ನು ಬಂಧಿಸುವ ಹಾಗಿರಲಿಲ್ಲ, ಆ ಸೌಲಭ್ಯಕ್ಕಾಗಿಯೇ ಎಷ್ಟೋ ಜನ ದೇಶಸೇವೆಗೆ ಇಳಿಯುತ್ತಿದ್ದರು. 1790ರಲ್ಲಿ ಅದೂ ಹೋಯಿತು. ಅವನ ಮನೆಗಳು ಹೊಸ ಗಿರಾಕಿಯ ಕೈಸೇರಿದವು. ಆ ಗಿರಾಕಿ ಪಾಲ್ ಬೆನ್‌ಫೀಲ್ಡ್.

ಈ ಬೆನ್‌ಫೀಲ್ಡ್ ಮದ್ರಾಸಿನಲ್ಲಿ ಆರ್ಕಾಟಿನ ನವಾಬನಿಗೆ ಸಾಲ ಕೊಟ್ಟವನು. ನವಾಬ ಬಡ್ಡಿಗೆ ಬದಲು ಊರೂರುಗಳ ಕಂದಾಯವನ್ನೇ ಬರೆದುಕೊಟ್ಟ. ಆ ಸಾಲಕ್ಕೂ ಗ್ಲೆನ್‌ಬಕೆಟ್ ಅವರ ಸಾಲಕ್ಕೂ ಒಂದೇ ವ್ಯತ್ಯಾಸ: ಇದನ್ನು ನಿಜವಾಗಿ ವಸೂಲಿ ಮಾಡಿದರು, ರೈತನಿಂದ. 1785ರಲ್ಲಿ ಎಡ್ಮಂಡ್ ಬರ್ಕ್ ಪಾರ್ಲಿಮೆಂಟಿನಲ್ಲಿ ಆರ್ಕಾಟಿನ ಸಾಲದ ಮೇಲೆ ಗಂಟೆಗಟ್ಟಲೆ ಮಾತಾಡಿ ಈತನ ಚರ್ಮ ಸುಲಿದ. ಹಿಂದಿನ ಪಾರ್ಲಿಮೆಂಟಿಗೆ ಎಂಟು ಎಂಪಿಗಳನ್ನು ತಯಾರಿಸಿದ ಈತನೇ ದೇಶದ ಮಹಾನ್ ಚುನಾವಣಾ ಸುಧಾರಕ ಎಂದು ಲೇವಡಿ ಮಾಡಿದ. ಸದನ ಚಪ್ಪಾಳೆಗೆ ಕಡಿಮೆ ಮಾಡಿರಲಿಕ್ಕಿಲ್ಲ, ಓಟಿಗೆ ಮಾತ್ರ ಕಡಿಮೆ ಮಾಡಿತು. ಸಾಲ ಕೊಟ್ಟವರ ದುಡ್ಡು ಮಂಜೂರಾಯಿತು. ಅದಾಗಿ ಎಂಟು ವರ್ಷಕ್ಕೆ, 1793ರಲ್ಲಿ, ಬೆನ್‌ಫೀಲ್ಡ್ ಶಾಫ್ಟ್ಸ್‌ಬರಿಯ ಗೌರವಾನ್ವಿತ ಸದಸ್ಯ. 1796ರಲ್ಲಿ ಇನ್ನೊಂದು ಸೀಟಿನಲ್ಲಿ ಅವನ ಬ್ಯಾಂಕಿನ ಪಾಲುದಾರ ವಾಲ್ಟರ್ ಬಾಯ್ಡ್. ಅಂದರೆ ಒಂದು ಇಡೀ ಊರು ಒಂದು ಬ್ಯಾಂಕಿನ ಶಾಖೆಯಾಯಿತು. ರಂಬೋಲ್ಡ್ ಹರ್ಟ್‌ಫರ್ಡ್‌ಶೈರ್‌ನಲ್ಲಿ ಕಟ್ಟಿಸಿದ್ದ ವುಡ್‌ಹಾಲ್ ಪಾರ್ಕ್ ಬಂಗಲೆಯನ್ನು ಕೊಂಡವನೂ ಬೆನ್‌ಫೀಲ್ಡನೇ. ಊರೂ ಅದೇ, ಮನೆಯೂ ಅದೇ, ದುಡ್ಡು ಬಂದ ಬಂದರೂ ಅದೇ. ಬ್ಯಾಂಕು ಮುಳುಗಿತು. ಬೆನ್‌ಫೀಲ್ಡ್ 1810ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ಸತ್ತ. ಆರ್ಕಾಟಿನ ರೈತರಿಗೆ ಸುದ್ದಿ ಮುಟ್ಟಿದ್ದರೆ ತುಸು ಸಮಾಧಾನವಾಗುತ್ತಿತ್ತೇನೋ.

ಆಮೇಲೆ, 1820ರ ಸುಮಾರಿಗೆ, ಊರು ಅರ್ಲ್ ಗ್ರೋವ್‌ನರ್ ಪಾಲಾಯಿತು. ಲಂಡನ್ನಿನ ಮೇಫೇರ್, ಬೆಲ್ಗ್ರೇವಿಯಾಗಳ ಒಡೆಯರು. ಹಳೆಯ ದುಡ್ಡು, ಇಂಗ್ಲೆಂಡಿನ ಮಣ್ಣಿನದೇ ದುಡ್ಡು. ಇನ್ನು ನಬೋಬ್ ಎಂಬ ಬೈಗುಳವಿಲ್ಲ, ಪಂಚ್ ಇಲ್ಲ, ತೂತಿಲ್ಲ. ಭೂಮಾಲೀಕರು ಹೇಳಿದವರು ಎಂಪಿ. ಇದಕ್ಕೆ ಅಲ್ಲಿ ‘ನ್ಯಾಯಸಮ್ಮತ ಪ್ರಭಾವ’ ಎನ್ನುತ್ತಿದ್ದರು. 1830ರಲ್ಲಿ ನೋಲ್ಸ್ ಎಂಬೊಬ್ಬ ಎದುರು ನಿಂತು ಊರಲ್ಲಿ ದೊಂಬಿಯೇ ಆಯಿತು, ಗೆದ್ದವರು ಗ್ರೋವ್‌ನರ್ ಕಡೆಯವರೇ. 1832ರ ಸುಧಾರಣಾ ಕಾಯಿದೆ ಎರಡು ಸೀಟಿನಲ್ಲಿ ಒಂದನ್ನು ಕಸಿದುಕೊಂಡಿತು, ಸುತ್ತಲ ಹಳ್ಳಿಗಳನ್ನು ಸೇರಿಸಿತು. 1872ರಲ್ಲಿ ಗುಟ್ಟಿನ ಮತದಾನ ಬಂತು, 1883ರಲ್ಲಿ ಖರ್ಚಿಗೆ ಮಿತಿ ಬಂತು. ತಕರಾರು ಅರ್ಜಿಯನ್ನು ಸದನವೇ ವಿಚಾರಿಸುವ ಪ್ರಹಸನ ನಿಲ್ಲಿಸಿ ನ್ಯಾಯಾಧೀಶರ ಕೈಗೆ ಕೊಟ್ಟದ್ದು 1868ರಲ್ಲಿ. ನಮ್ಮ ಹೈಕೋರ್ಟುಗಳಲ್ಲಿ ಸೋತ ಅಭ್ಯರ್ಥಿಗಳು ಇವತ್ತು ಹಾಕುವ ಅರ್ಜಿ ಅದರ ಮೊಮ್ಮಗ. ನಮ್ಮ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೇ ಕಲಮಿನಲ್ಲಿ ಭ್ರಷ್ಟ ನಡವಳಿಕೆಗಳ ಪಟ್ಟಿಯ ತಲೆಯಲ್ಲಿ ಕೂತಿರುವುದೂ ಲಂಚವೇ. ಪಾಠ ಕಲಿಸಿದವರು ಅವರು, ಪಾಠದ ಫೀಸು ಮಾತ್ರ ನಮ್ಮಿಂದ ಮುಂಗಡ ವಸೂಲಾಗಿತ್ತು.

1885ರಲ್ಲಿ ಶಾಫ್ಟ್ಸ್‌ಬರಿ ಕ್ಷೇತ್ರವನ್ನೇ ಅಳಿಸಿ ನಾರ್ತ್ ಡಾರ್ಸೆಟ್‌ಗೆ ಸೇರಿಸಿದರು. ಓಟು ಇಲ್ಲದ ಮೇಲೆ ಊರಿನಿಂದ ಏನು ಉಪಯೋಗ? ಗ್ರೋವ್‌ನರ್ ವಂಶದ ಲಾರ್ಡ್ ಸ್ಟಾಲ್‌ಬ್ರಿಜ್ ಮೊದಲ ಮಹಾಯುದ್ಧದ ಕೊನೆಗೆ ಊರಿನ ಬಹುಭಾಗವನ್ನು ಮಾರಿಬಿಟ್ಟ, 1919ರಲ್ಲಿ ಅಂಗಡಿ ಮನೆಗಳೆಲ್ಲ ಬಹಿರಂಗ ಹರಾಜಾದವು. ಶಾಫ್ಟ್ಸ್‌ಬರಿಯ ಇತಿಹಾಸದಲ್ಲೇ ಅತ್ಯಂತ ಪಾರದರ್ಶಕವಾದ ವ್ಯಾಪಾರ ಅದು. 1950ರಲ್ಲಿ ನಾರ್ತ್ ಡಾರ್ಸೆಟ್ ಕ್ಷೇತ್ರದಲ್ಲಿ ಲಿಬರಲ್ ಪಕ್ಷದ ಮುಖ್ಯ ಸಚೇತಕ ಫ್ರಾಂಕ್ ಬೈಯರ್ಸ್ 97 ಓಟಿನಿಂದ ಸೋತ. ಹಳೆಯ ದರದಲ್ಲಿ ಎರಡು ಸಾವಿರ ಗಿನಿಗೂ ಒಳಗಿನ ಬಾಬತ್ತು. ಅಲ್ಲಿಂದ ಈಚೆಗೆ 2024ರವರೆಗೂ ಪ್ರತಿ ಬಾರಿಯೂ ಕನ್ಸರ್ವೇಟಿವ್ ಪಕ್ಷವೇ ಗೆದ್ದಿದೆ. ಒಬ್ಬರಿಗೂ ಒಂದು ಪೊಟ್ಟಣವೂ ಕೊಡದೆ! ಮಾರ್ಟಿಮರ್ ಕೇಳಿದ್ದರೆ ಎದೆಯೊಡೆದು ಸಾಯುತ್ತಿದ್ದ.

ಓದುಗರಲ್ಲಿ ಒಂದು ಕೋರಿಕೆ. ಲಂಡನ್ನಿನಿಂದ ಪಶ್ಚಿಮಕ್ಕೆ, ಬರ್ಕ್‌ಶೈರ್‌ನಲ್ಲಿ ಬ್ಯಾಸಿಲ್ಡನ್ ಪಾರ್ಕ್ ಎಂಬ ಮಹಲಿದೆ. ಸೈಕ್ಸ್ ಕಟ್ಟಿಸಿದ್ದು. 2005ರ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಸಿನಿಮಾದಲ್ಲಿ ಬಿಂಗ್ಲಿಯ ಬಂಗಲೆಯಾಗಿ ನೀವು ನೋಡಿರುತ್ತೀರಿ. ಈಗ ನ್ಯಾಷನಲ್ ಟ್ರಸ್ಟಿನ ಸುಪರ್ದಿಯಲ್ಲಿದೆ, ಒಳಗೆ ಹೋಗಲು ಟಿಕೆಟ್ಟು. ಮಕ್ಕಳು ಮೊಮ್ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೋದಾಗ ಅಲ್ಲಿಗೊಮ್ಮೆ ಹೋಗಿ. ಕೌಂಟರಿನಲ್ಲಿ ಪರ್ಸು ತೆಗೆಯುವ ಮುಂಚೆ, ಕಟ್ಟಡದ ಖರ್ಚಿನಲ್ಲಿ ನಮ್ಮ ಕಡೆಯವರ ಪಾಲು ಎಷ್ಟೆಂದು ವಿನಯದಿಂದ ವಿಚಾರಿಸಿ. ಜೊತೆಯಲ್ಲಿ ಬಂಗಾಳಿಗಳಿದ್ದರೆ ಅವರನ್ನೇ ಮುಂದೆ ಬಿಡಿ, ಅವರ ಬಾಕಿ ದೊಡ್ಡದು. ಪುಕ್ಕಟೆ ಬಿಡಲಾರರು. ಆದರೂ ರಸೀದಿ ಕೇಳಿ ಇಸಿದುಕೊಳ್ಳಿ, ಗ್ಲೆನ್‌ಬಕೆಟ್ ಸಾಹೇಬರ ಹೆಸರಿಗೆ ಬರೆಸಿ.